ಕಾರಿಗೆ ಬೇರೆ ಟೆಂಪರೇಚರ್ ಮೀಟರ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಕುಂಬಳೆ ಕಡೆಯವರು ಫೋನಿನಲ್ಲಿ, ವಾಟ್ಸಾಪಿನಲ್ಲಿ, ಕೆಲವೊಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯಿಂದಲೂ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ಪ್ರಶ್ನೆ ಯಾವುದೋ ಅದನ್ನಷ್ಟೇ ಓದಿದರೂ ಸಾಕು.

## ಮೊದಲಿಗೆ

ಕಾರಿನಲ್ಲಿ ಮುಳ್ಳು ಉಂಟಲ್ಲ, ಮತ್ತೆ ಇನ್ನೊಂದು ಮೀಟರ್ ಎಂತಕ್ಕೆ?

ಆ ಮುಳ್ಳು ನಿಮಗೆ ಎಲ್ಲವನ್ನೂ ಹೇಳುವುದಿಲ್ಲ, ಅದಕ್ಕೆ. ಬಹಳಷ್ಟು ಕಾರುಗಳಲ್ಲಿ ಕಂಪೆನಿಯವರೇ ಅದನ್ನು ಬೇಕೆಂದು ಮಂದ ಮಾಡಿರುತ್ತಾರೆ. ಕೂಲೆಂಟ್, ಅಂದರೆ ಇಂಜಿನ್ ತಣಿಸಲು ಒಳಗೆ ಸುತ್ತುವ ದ್ರವ, ಸುಮಾರು 75 ಡಿಗ್ರಿಯಿಂದ 105 ಡಿಗ್ರಿವರೆಗೆ ಎಲ್ಲಿದ್ದರೂ ಮುಳ್ಳು ನಟ್ಟ ನಡುವೆ ನಿಂತಿರುತ್ತದೆ. ನಿಜವಾದ ಏರಿಳಿತ ತೋರಿಸಿದರೆ ಗಿರಾಕಿಗಳು ಗಾಬರಿಯಾಗಿ ದಿನಾ ಸರ್ವಿಸ್ ಸೆಂಟರಿಗೆ ಬಂದು ನಿಲ್ಲುತ್ತಾರೆ ಎಂಬ ಲೆಕ್ಕಾಚಾರ ಅದು.

ಸುಳ್ಯ ದಾಟಿ ಸಂಪಾಜೆ ಘಾಟಿಯಲ್ಲಿ ಐದು ಜನ, ಎಸಿ, ಎರಡನೇ ಗೇರು, ಎದುರಿಗೊಂದು ಮರದ ಲಾರಿ ಎಂದಿಟ್ಟುಕೊಳ್ಳಿ. ಅಂಕಿ ತೋರಿಸುವ ಮೀಟರಿನಲ್ಲಿ 89, 93, 97 ಎಂದು ಏರುವುದು ಕಾಣುತ್ತದೆ. ಫ್ಯಾನ್ ತಿರುಗಿ 92ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಇಷ್ಟೂ ಹೊತ್ತು ಕಂಪೆನಿಯ ಮುಳ್ಳು ಕೂದಲೆಳೆಯಷ್ಟೂ ಅಲುಗಿರುವುದಿಲ್ಲ. ಮುಂದಿನ ವರ್ಷ ಅದೇ ತಿರುವಿನಲ್ಲಿ ಅದೇ ಕಾರು 104 ತೋರಿಸಿದರೆ ರೇಡಿಯೇಟರೋ ಫ್ಯಾನೋ ಸೋಲುತ್ತಾ ಬಂದಿದೆ ಎಂದರ್ಥ. ಬೇರೆ ಮೀಟರಿನ ಪ್ರಯೋಜನ ಇರುವುದೇ ಇಲ್ಲಿ.

ನಮ್ಮದರಲ್ಲಿ ಮುಳ್ಳೇ ಇಲ್ಲ, ನೀಲಿ ಲೈಟು ಕೆಂಪು ಲೈಟು ಮಾತ್ರ. ಅದು ಸಾಕಾಗುದಿಲ್ವಾ?

ನೀಲಿ ಲೈಟು ಇಂಜಿನ್ ಇನ್ನೂ ತಣ್ಣಗಿದೆ ಎನ್ನುತ್ತದೆ, ಕೆಂಪು ಲೈಟು ಈಗಲೇ ನಿಲ್ಲಿಸು ಎನ್ನುತ್ತದೆ. ಇವೆರಡರ ನಡುವೆ ಏನಾಗುತ್ತಿದೆ ಎಂದು ಹೇಳುವವರಿಲ್ಲ. ಕೆಂಪು ಹೊತ್ತುವ ಹೊತ್ತಿಗೆ ಅಲ್ಯೂಮಿನಿಯಂ ಹೆಡ್ಡಿನ (ಸಿಲಿಂಡರುಗಳ ಮೇಲೆ ಮುಚ್ಚುವ ಭಾಗದ) ಇಂಜಿನ್ನಿಗೆ ಉಳಿದಿರುವ ಅವಕಾಶ ಕಡಿಮೆ. ಹಾಗಾಗಿ ಮುಳ್ಳಿರುವ ಕಾರಿಗಿಂತ ಲೈಟಿನ ಕಾರಿಗೇ ಬೇರೆ ಮೀಟರ್ ಹೆಚ್ಚು ಉಪಯೋಗ.

ಎಷ್ಟು ಡಿಗ್ರಿ ನಾರ್ಮಲ್? 100 ದಾಟಿದರೆ ನೀರು ಕುದಿಯುದಿಲ್ವಾ?

ಹೆಚ್ಚಿನ ಕಾರುಗಳಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು, 82ರಿಂದ 88 ಡಿಗ್ರಿಯೊಳಗೆ ಬಾಯಿ ತೆರೆಯಲು ಸುರು ಮಾಡುತ್ತದೆ. ಫ್ಯಾನ್ ತಿರುಗುವುದು ಸಾಮಾನ್ಯವಾಗಿ 95ರಿಂದ 100ರೊಳಗೆ. ಹಾಗಾಗಿ 85ರಿಂದ 100ರ ನಡುವೆ ಅಂಕಿ ಓಡಾಡುತ್ತಿದ್ದರೆ ನಿದ್ದೆಗೆಡಬೇಕಾಗಿಲ್ಲ.

100 ದಾಟಿದ ಕೂಡಲೇ ಕುದಿಯುವುದು ತೆರೆದ ಪಾತ್ರೆಯ ನೀರು. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದಲ್ಲ, ಅದು ಅಷ್ಟು ಬಾರ್ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಕುದಿಯಲು 120 ಡಿಗ್ರಿಯ ಆಚೀಚೆ ಆಗಬೇಕು. ಅರ್ಧಕ್ಕರ್ಧ ಕೂಲೆಂಟ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಮೀಟರಿಗೆ ಖರ್ಚು ಮಾಡುವ ಮೊದಲು ಆ ಮುಚ್ಚಳ ಬದಲಿಸಿ, ಅದು ದೊಡ್ಡ ಖರ್ಚಲ್ಲ.

ನಾನು ಕಾಸರಗೋಡು ಪೇಟೆಗೆ ಹೋಗಿ ಬರುದು ಅಷ್ಟೆ. ನನಗೂ ಬೇಕಾ?

ಹೊಸ ಕಾರು, ಹತ್ತಿರದ ಓಡಾಟ ಎಂದಾದರೆ ಬೇಡ. ತಿಂಗಳಿಗೊಮ್ಮೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಕೂಲೆಂಟ್ ಡಬ್ಬದ ಗೆರೆ ನೋಡಿದರೆ ಸಾಕು. ಹಳೆ ಗಾಡಿಯವರಿಗೆ, ಪಾಣತ್ತೂರು ಸಂಪಾಜೆ ಚಾರ್ಮಾಡಿ ಎಂದು ಘಾಟಿ ಹತ್ತುವವರಿಗೆ, ಅಡಿಕೆ ಗೋಣಿ ಹೇರುವ ಪಿಕಪ್ಪಿನವರಿಗೆ, ಒಮ್ಮೆ ಹೆಡ್ ಕೆಲಸ ಮಾಡಿಸಿದವರಿಗೆ ಖಂಡಿತ ಬೇಕು.

## ಕೊಳ್ಳುವ ಮೊದಲು

ಹೋಸ್ ಪೈಪ್ ಕತ್ತರಿಸದೆ ನೋಡುವ ದಾರಿ ಉಂಟಾ?

ಬೇರೆ ಮೀಟರಿನ ಸೆನ್ಸರನ್ನು ಹೆಚ್ಚಾಗಿ ರೇಡಿಯೇಟರಿನ ಹೋಸ್ ಕತ್ತರಿಸಿ ಕೂರಿಸುವುದು. ಕತ್ತರಿಸದ ದಾರಿಯೂ ಉಂಟು, ಮೊದಲು ಅದನ್ನೇ ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು. ಸ್ಟೇರಿಂಗಿನ ಕೆಳಗೆ, ಕಾರಿನ ದೋಷ ನೋಡಲು ಸರ್ವಿಸಿನವರು ಯಂತ್ರ ಸಿಕ್ಕಿಸುವ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ. 2013ರ ನಂತರ ಬಂದ ಬಿಎಸ್ 4 ಕಾರುಗಳಲ್ಲಿ ಓಬಿಡಿ 2 ಕಡ್ಡಾಯ. ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಫೋನಿನ ಆ್ಯಪಿನಲ್ಲಿ ನೋಡಿದರೆ ಕೂಲೆಂಟಿನ ಬಿಸಿ ನೇರ ಅಂಕಿಯಲ್ಲಿ ಬರುತ್ತದೆ. ಇದೇ ಸಾಕೆಟ್ಟಿಗೆ ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಡುವ ಸಣ್ಣ ಡಿಸ್‌ಪ್ಲೇಗಳೂ ಬರುತ್ತವೆ. ದಿನಾ ಫೋನ್ ಜೋಡಿಸಲು ಉದಾಸೀನ ಇರುವವರಿಗೆ ಅದೇ ಒಳ್ಳೆಯದು.

ಎರಡು ಕೊರತೆ ಇದೆ. ಅಗ್ಗದ ಡಾಂಗಲನ್ನು ಸಿಕ್ಕಿಸಿಯೇ ಬಿಟ್ಟರೆ ಬಹಳ ದಿನ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ. ಇನ್ನೊಂದು, ಅದು ತೋರಿಸುವುದು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ನಂಬಿರುವ ಅಂಕಿಯನ್ನು. ಕಂಪೆನಿಯ ಸೆನ್ಸರ್ ಕೆಟ್ಟಾಗ ಕೆಲವು ಇಸಿಯುಗಳು ತಾವೇ ಒಂದು ಅಂಕಿಯನ್ನು ಹಿಡಿದುಕೊಂಡು ಇಂಜಿನ್ ಓಡಿಸುತ್ತವೆ. ಆಗ ನಿಮ್ಮ ಫೋನಿನಲ್ಲಿ ಕಾಣುವುದೂ ಆ ಅಂಕಿಯೇ.

ಪೈಪಿನ ಮೀಟರ್ ಒಳ್ಳೆಯದಾ, ಕರೆಂಟಿನದ್ದಾ?

ಪೈಪಿನದ್ದು ಎಂದರೆ ಮೆಕ್ಯಾನಿಕಲ್. ತಾಮ್ರದ ಬಲ್ಬು, ಅದರಿಂದ ಮೀಟರಿನವರೆಗೆ ಕೂದಲಿನಂಥ ತೂತಿರುವ ಕೊಳವೆ, ಒಳಗೆ ಬೇಗ ಆವಿಯಾಗುವ ದ್ರವ. ಕರೆಂಟೇ ಬೇಡ, ಬ್ಯಾಟರಿ ಸತ್ತರೂ ತೋರಿಸುತ್ತದೆ. ಆದರೆ ಆ ಕೊಳವೆಯನ್ನು ಕತ್ತರಿಸಿ ಜೋಡಿಸುವ ಹಾಗಿಲ್ಲ, ಮುರಿದರೆ ಮೀಟರೇ ಹೋಯಿತು. ಬಲ್ಬು ಸಮೇತ ಇಡೀ ಕೊಳವೆಯನ್ನು ಇಂಜಿನ್ ಗೋಡೆಯಿಂದ (ಇಂಜಿನ್ನಿಗೂ ಕಾರಿನ ಒಳಗಿಗೂ ನಡುವಿನ ತಗಡಿನಿಂದ) ದಾಟಿಸಬೇಕಾದ ಕಾರಣ ದೊಡ್ಡ ತೂತೂ ಬೇಕು. ಹಳೆ ಮಹೀಂದ್ರ ಜೀಪಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಈಗಿನ ಕಾರಿಗೆ ಕರೆಂಟಿನದ್ದೇ ಸಲೀಸು. 52 ಮಿಲಿಮೀಟರ್ ಅಳತೆಯದ್ದು ತೆಗೆದುಕೊಂಡರೆ ಅದಕ್ಕೆ ಕೂರುವ ಬಟ್ಟಲು, ಸ್ಟ್ಯಾಂಡು ಸುಲಭವಾಗಿ ಸಿಗುತ್ತದೆ.

ಮೀಟರ್ ಒಂದು ಕಂಪೆನಿದು, ಸೆನ್ಸರ್ ಇನ್ನೊಂದರದ್ದು ಹಾಕಿದ್ರೆ ನಡೀತದಾ?

ಇಲ್ಲ. ಈ ಸೆನ್ಸರುಗಳ ಒಳಗಿರುವುದು ಬಿಸಿ ಏರಿದಂತೆ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳತೆ ಓಮಿನಲ್ಲಿ) ಇಳಿಯುವ ತುಂಡು. ಇಳಿಯುವ ಲೆಕ್ಕ ಕಂಪೆನಿಗೊಂದು. ಬಹಳ ಕಡೆ ಸಿಗುವ, ವಿಡಿಒ ಎಂಬ ಕಂಪೆನಿಯ ಮಾದರಿಯ ಸೆನ್ಸರಿನಲ್ಲಿ 40 ಡಿಗ್ರಿಗೆ ಸುಮಾರು 290 ಓಮ್, 80ಕ್ಕೆ 70ರ ಆಸುಪಾಸು, 100ಕ್ಕೆ 38, 120ಕ್ಕೆ 22ರ ಹತ್ತಿರ ಬರುತ್ತದೆ. ಬೇರೆ ಮೀಟರುಗಳ ಸೆನ್ಸರು ಸಾವಿರಗಟ್ಟಲೆ ಓಮಿನಲ್ಲಿ ಕೆಲಸ ಮಾಡುತ್ತದೆ. ತ್ರೆಡ್ ಹೊಂದಿತು, ಪ್ಲಗ್ ಕೂತಿತು ಎಂದು ಅದಲು ಬದಲು ಹಾಕಿದರೆ ಅಂಕಿ ಬಂದೇ ಬರುತ್ತದೆ, ಆದರೆ ಸುಳ್ಳು ಅಂಕಿ. ಮೀಟರ್ ಕೊಳ್ಳುವಾಗ ಬಿಡಿ ಸೆನ್ಸರ್ ಬೇರೆಯಾಗಿ ಸಿಗುತ್ತದಾ ಎಂದು ಕೇಳಿಕೊಳ್ಳಿ. ಮೊದಲು ಹಾಳಾಗುವುದು ಸೆನ್ಸರೇ.

ವಾರಂಟಿ ಹೋಗ್ತದಾ? ಆರ್‌ಟಿಒದವರು ಹಿಡಿತಾರಾ?

ಓಬಿಡಿ ಡಿಸ್‌ಪ್ಲೇಯಲ್ಲಿ ಏನನ್ನೂ ಕತ್ತರಿಸುವುದಿಲ್ಲ, ತೆಗೆದಿಟ್ಟರೆ ಗುರುತೂ ಉಳಿಯುವುದಿಲ್ಲ. ಹೋಸ್ ಕತ್ತರಿಸಿದ ಮೇಲೆ ಕೂಲಿಂಗಿಗೆ ಸಂಬಂಧಪಟ್ಟ ಯಾವ ದೂರು ಬಂದರೂ ಸರ್ವಿಸ್ ಸೆಂಟರಿನವರು ಸೆನ್ಸರ್ ಕೂರಿಸಲು ನಡುವೆ ಹಾಕಿದ ಅಡಾಪ್ಟರ್ ಕೊಳವೆಗೆ ಬೆರಳು ತೋರಿಸುತ್ತಾರೆ. ವಾರಂಟಿ ಮುಗಿಯುವವರೆಗೆ ಕಾಯುವುದು ಜಾಣತನ. ಕಾಯುವುದಿಲ್ಲ ಎಂದರೆ ಹಳೆ ಹೋಸನ್ನು ಹಾಗೇ ತೆಗೆದಿಟ್ಟು, ಹೊಸತೊಂದನ್ನು ತಂದು ಅದನ್ನು ಕತ್ತರಿಸಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯ ಬಗ್ಗೆ. ಮೀಟರಿನಿಂದ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಎದುರಿನ ಗಾಜಿಗೆ ಅಂಟಿಸಿ ದಾರಿ ಮರೆಯಾಗುವಂತೆ ಇಟ್ಟರೆ ತಲಪಾಡಿ ಗಡಿಯ ಆಚೆಯವರಾಗಲಿ ಈಚೆಯವರಾಗಲಿ ಪ್ರಶ್ನೆ ಕೇಳಿದರೆ ಅದು ಅವರ ತಪ್ಪಲ್ಲ.

## ಸೆನ್ಸರ್ ಕೂರಿಸುವುದು

ಸೆನ್ಸರ್ ಎಲ್ಲಿ ಕೂರಿಸುದು? ಮೇಲಿನ ಹೋಸಾ, ಕೆಳಗಿನದ್ದಾ?

ಇಂಜಿನ್ನಿನಿಂದ ಬಿಸಿ ನೀರು ಹೊರಗೆ ಬರುವ ದಾರಿಯಲ್ಲಿ. ಹೆಚ್ಚಿನ ಕಾರುಗಳಲ್ಲಿ ಅದು ರೇಡಿಯೇಟರಿನ ಮೇಲಿನ ಹೋಸ್. ಕೆಳಗಿನ ಹೋಸಿನಲ್ಲಿರುವುದು ಆಗಲೇ ತಣಿದ ನೀರು, ಅಲ್ಲಿಟ್ಟರೆ ಇಂಜಿನ್ ಬೇಯುತ್ತಿದ್ದರೂ ಮೀಟರ್ ಹಾಯಾಗಿರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಜಾಗ ಸಿಲಿಂಡರ್ ಹೆಡ್ಡಿನಲ್ಲೋ ಥರ್ಮೋಸ್ಟಾಟಿನ ಮನೆಯಲ್ಲೋ ಬೋಲ್ಟ್ ಹಾಕಿ ಮುಚ್ಚಿದ ಖಾಲಿ ತೂತು. ಕೆಲವು ಇಂಜಿನ್ನುಗಳಲ್ಲಿ ಇರುತ್ತದೆ. ಇದ್ದರೆ ಹೋಸಿಗೆ ಕತ್ತಿ ಹಾಕುವ ಕೆಲಸವೇ ಇಲ್ಲ, ತ್ರೆಡ್ ಅಳತೆ ನೋಡಿ ಸೆನ್ಸರ್ ತಂದರಾಯಿತು.

ಹೋಸಿಗೆ ಹಾಕಿದಾಗ ಒಂದು ವಿಷಯ ನೆನಪಿರಲಿ. ಥರ್ಮೋಸ್ಟಾಟ್ ಇಂಜಿನ್ನಿನ ಹೊರಬಾಗಿಲಲ್ಲಿ ಇರುವ ಕಾರುಗಳಲ್ಲಿ ಅದು ತೆರೆಯುವವರೆಗೆ ಮೇಲಿನ ಹೋಸಿಗೆ ಬಿಸಿ ನೀರು ಬರುವುದೇ ಇಲ್ಲ. ಬೆಳಿಗ್ಗೆ ಮೀಟರ್ ತುಂಬಾ ಹೊತ್ತು 40, 45 ಎಂದು ನಿಂತು, ಆಮೇಲೆ ಒಮ್ಮೆಲೇ 80ಕ್ಕೆ ಹಾರುತ್ತದೆ. ಮೀಟರ್ ಕೆಟ್ಟಿದ್ದಲ್ಲ, ಥರ್ಮೋಸ್ಟಾಟ್ ಬಾಯಿ ಬಿಟ್ಟದ್ದು.

ಕಂಪೆನಿ ಸೆನ್ಸರಿನ ವಯರಿಗೇ ಜೋಡಿಸಿದರೆ ಕೆಲಸ ಸುಲಭ ಅಲ್ವಾ ಭಾವ?

ಸುಲಭ, ಆದರೆ ಮಾಡಬೇಡಿ. ಆ ವಯರಿನ ವೋಲ್ಟೇಜ್ ನೋಡಿಕೊಂಡು ಇಸಿಯು ಪೆಟ್ರೋಲ್ ಎಷ್ಟು ಬಿಡಬೇಕು, ಫ್ಯಾನ್ ಯಾವಾಗ ತಿರುಗಬೇಕು ಎಂದು ತೀರ್ಮಾನ ಮಾಡುತ್ತದೆ. ನಿಮ್ಮ ಮೀಟರ್ ಅಲ್ಲಿಗೆ ಸೇರಿದರೆ ಆ ವೋಲ್ಟೇಜ್ ಬದಲಾಗುತ್ತದೆ. ಆಗ ಮೈಲೇಜ್ ಬೀಳಬಹುದು, ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ ಬರಬಹುದು, ಫ್ಯಾನ್ ತಡವಾಗಿ ತಿರುಗಬಹುದು. ಬಿಸಿ ನೋಡಲು ಹೋಗಿ ಬಿಸಿ ಮಾಡಿಕೊಂಡ ಹಾಗೆ.

ಹೋಸ್ ಕತ್ತರಿಸಿ ಅಡಾಪ್ಟರ್ ಹಾಕುದು ಹೇಗೆ, ಸ್ವಲ್ಪ ಬಿಡಿಸಿ ಹೇಳಿ ಅಣ್ಣ.

ಇಂಜಿನ್ ರಾತ್ರಿಯಿಡೀ ತಣಿದಿರಬೇಕು. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಕೆಲಸ ಇದು, ಊಟ ಮುಗಿಸಿ ಮಾಡುವುದಲ್ಲ.

ಅಡಾಪ್ಟರ್ ಎಂದರೆ ಎರಡೂ ಕಡೆ ಹೋಸ್ ಸಿಕ್ಕಿಸುವ ಅಲ್ಯೂಮಿನಿಯಂ ಕೊಳವೆ, ನಡುವೆ ಸೆನ್ಸರಿಗೆ ತೂತು. 26ರಿಂದ 40 ಮಿಲಿಮೀಟರಿನವರೆಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ನೋಡಬೇಕಾದ್ದು ಹೋಸಿನ ಒಳಗಿನ ಅಳತೆ. ಹೊರಗಿನದ್ದನ್ನು ಅಳೆದು ತಂದರೆ ಒಳಗೆ ಹೋಗುವುದಿಲ್ಲ.

ರೇಡಿಯೇಟರಿನ ಅಡಿಯಲ್ಲಿರುವ ಬಿರಡೆಯನ್ನು ನಿಧಾನ ಬಿಡಿಸಿ. ಹೆಚ್ಚಿನದು ಪ್ಲಾಸ್ಟಿಕ್, ಹಳೆ ಕಾರಿನಲ್ಲಿ ಪಾನೆ ಹಾಕಿದರೆ ತುಂಡಾಗಿ ಕೈಗೆ ಬರುತ್ತದೆ. ಮೇಲಿನ ಹೋಸಿನ ಮಟ್ಟದಿಂದ ಕೆಳಗಿಳಿಯುವಷ್ಟು ಕೂಲೆಂಟ್ ತೆಗೆದರೆ ಸಾಕು, ಪೂರ್ತಿ ಖಾಲಿ ಮಾಡುವುದು ಬೇಡ. ಚೊಕ್ಕ ಬೋಗುಣಿಯಲ್ಲಿ ಹಿಡಿದರೆ ಅದನ್ನೇ ಮತ್ತೆ ಹೊಯ್ಯಬಹುದು. ಅಂಗಳದಲ್ಲಿ ಬಿಟ್ಟು ಹೋಗಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೂ ದನ ಕುಡಿದರೂ ಜೀವಕ್ಕೆ ಅಪಾಯ.

ಹೋಸಿನ ನೇರ ಭಾಗವನ್ನು ಆರಿಸಿ. ಫ್ಯಾನಿಗೂ ಬೆಲ್ಟಿಗೂ ತಾಗಬಾರದು. ಅಡಾಪ್ಟರಿನ ನಡುಭಾಗ ಎಷ್ಟು ಉದ್ದವೋ ಅಷ್ಟೇ ತುಂಡನ್ನು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಹೋಸ್ ಉದ್ದವಾಗಿ ಎಲ್ಲಾದರೂ ಮಡಚಿಕೊಳ್ಳುತ್ತದೆ. ಸೆನ್ಸರ್ ಪಕ್ಕಕ್ಕೆ ಅಥವಾ ಓರೆಯಾಗಿ ಕೆಳಕ್ಕೆ ಮುಖ ಮಾಡಿರಲಿ. ನೆತ್ತಿಯಲ್ಲಿಟ್ಟರೆ ಗಾಳಿ ಅಲ್ಲೇ ಕೂತು ಸೆನ್ಸರಿನ ತುದಿಗೆ ನೀರು ತಾಗುವುದಿಲ್ಲ.

ತ್ರೆಡ್ಡಿನ ವಿಷಯದಲ್ಲಿ ಒಂದು ಮೋಸವಿದೆ. ಸೆನ್ಸರುಗಳು ಬಹಳಷ್ಟು 1/8 ಎನ್‌ಪಿಟಿ ಎಂಬ ತ್ರೆಡ್ ಅಳತೆಯವು, ಇಂಚಿಗೆ 27 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯ 1/8 ಬಿಎಸ್‌ಪಿ ಇಂಚಿಗೆ 28 ಸುತ್ತು. ಕಣ್ಣಿಗೆ ಒಂದೇ, ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾದಂತೆ ಅನಿಸುತ್ತದೆ, ಬಿಸಿಯಾದ ಮೇಲೆ ಸೋರುತ್ತದೆ. ಎನ್‌ಪಿಟಿ ಓರೆ ತ್ರೆಡ್ ಆದ್ದರಿಂದ ಜೋರು ಹಾಕಿ ಬಿಗಿದರೆ ಅಡಾಪ್ಟರೇ ಸೀಳುತ್ತದೆ.

ಹೋಸ್ ಕ್ಲಿಪ್ ಅಡಾಪ್ಟರಿನ ಉಬ್ಬಿನಿಂದ ಆಚೆಗೆ ಕೂರಬೇಕು, ಉಬ್ಬಿನ ಮೇಲಲ್ಲ. ಒಮ್ಮೆ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ಗಾಳಿ ತೆಗೀಬೇಕು ಅಂತ ಎಲ್ಲರೂ ಹೇಳ್ತಾರೆ. ಹೇಗೇಂತ ಯಾರೂ ಹೇಳುದಿಲ್ಲ.

ಕಾರಿನ ಮೂತಿ ಮೇಲಿರುವಂತೆ ನಿಲ್ಲಿಸಿ. ನಮ್ಮ ಊರಿನಲ್ಲಿ ಮನೆಯ ಅಂಗಳಕ್ಕೆ ಏರಿ ಬರುವ ದಾರಿಯೇ ಸಾಕು, ಚಕ್ರಕ್ಕೆ ಕಲ್ಲು ಕೊಡಲು ಮರೆಯಬೇಡಿ. ಮುಚ್ಚಳ ತೆರೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕೂಲೆಂಟ್ ತುಂಬಿಸಿ ಇಂಜಿನ್ ಐಡಲಿನಲ್ಲಿ ಬಿಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಹೊಯ್ಯಬೇಕು. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆ ಗಬಕ್ಕನೆ ಇಳಿಯುವುದು ಕಾಣುತ್ತದೆ. ಮತ್ತೆ ತುಂಬಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಗಾಳಿ ತೆಗೆಯುವ ಸ್ಕ್ರೂ ಇರುವ ಕಾರಿನಲ್ಲಿ ಅದನ್ನು ಬಿಡಿಸಿ ನೀರು ಬರುವವರೆಗೆ ಕಾಯಿರಿ. ಮುಚ್ಚಳ ತೆರೆದಿಡುವ ಈ ಕ್ರಮ ತಣ್ಣಗಿನ ಇಂಜಿನ್ನಿನಿಂದ ಸುರು ಮಾಡುವಾಗ ಮಾತ್ರ. ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಬೇಡಿ.

ಕಡಿಮೆ ಬಿದ್ದದ್ದಕ್ಕೆ ಬಾವಿ ನೀರು ಹೊಯ್ದರೆ ಎಂತ?

ದಾರಿಯಲ್ಲಿ ಸಿಕ್ಕಿಬಿದ್ದರೆ ಯಾವ ನೀರಾದರೂ ಸರಿ. ಮನೆಯಲ್ಲಿ ಕೂತು ಮಾಡುವಾಗ ಡಿಸ್ಟಿಲ್ಡ್ ವಾಟರ್ ತನ್ನಿ. ಬಾವಿ ನೀರಿನ ಲವಣ, ಕಬ್ಬಿಣದ ಅಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಕಡಲ ಬದಿಯಲ್ಲಿ, ಬೇಸಿಗೆಯಲ್ಲಿ ಉಪ್ಪಾಗುವ ಬಾವಿಗಳ ನೀರಂತೂ ಬೇಡವೇ ಬೇಡ. ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ. ಬಣ್ಣ ಒಂದೇ ಎಂದ ಮಾತ್ರಕ್ಕೆ ಜಾತಿ ಒಂದೇ ಆಗುವುದಿಲ್ಲ, ಡಬ್ಬದ ಮೇಲೆ ಬರೆದದ್ದನ್ನು ಓದಿ.

## ವಯರಿಂಗ್

ನಾಲ್ಕು ವಯರ್ ಬಂದಿದೆ. ಯಾವುದು ಎಲ್ಲಿಗೆ?

ಸಾಮಾನ್ಯವಾಗಿ ಒಂದು ಸದಾ ಕರೆಂಟಿಗೆ, ಒಂದು ಕೀ ಹಾಕಿದಾಗ ಬರುವ ಕರೆಂಟಿಗೆ, ಒಂದು ಅರ್ತಿಗೆ (ಕರೆಂಟು ಬ್ಯಾಟರಿಗೆ ಮರಳುವ ಕಾರಿನ ಲೋಹದ ಮೈಗೆ), ಇನ್ನೊಂದು ಪಾರ್ಕ್ ಲೈಟಿನ ವಯರಿಗೆ. ರಾತ್ರಿ ಮೀಟರ್ ಮಬ್ಬಾಗುವುದಕ್ಕೆ ಈ ಕೊನೆಯದ್ದು. ಬಣ್ಣ ನಂಬಬೇಡಿ, ಪೆಟ್ಟಿಗೆಯೊಳಗಿನ ಕಾಗದ ನೋಡಿ. ಕೀ ಕರೆಂಟನ್ನು ಫ್ಯೂಸ್ ಪೆಟ್ಟಿಗೆಯಿಂದ ತೆಗೆಯಲು ಫ್ಯೂಸ್ ಟ್ಯಾಪ್ ಎಂಬ ಸಣ್ಣ ಸಾಮಾನು ಸಿಗುತ್ತದೆ, 3 ಆಂಪಿಯರಿನ ಫ್ಯೂಸ್ ಧಾರಾಳ. ಏರ್‌ಬ್ಯಾಗ್, ಎಬಿಎಸ್, ಇಸಿಯು ಫ್ಯೂಸುಗಳನ್ನು ಮುಟ್ಟಬೇಡಿ. ಸೀಟಿನ ಕೆಳಗೆ, ಸ್ಟೇರಿಂಗಿನ ಹತ್ತಿರ ಕಾಣುವ ಹಳದಿ ವಯರು, ಹಳದಿ ಪ್ಲಗ್ಗು ಹೆಚ್ಚಾಗಿ ಏರ್‌ಬ್ಯಾಗಿನದ್ದು, ಅದಕ್ಕೆ ಟೆಸ್ಟ್ ಲ್ಯಾಂಪ್ ಕೂಡ ತಾಗಿಸಬಾರದು.

ಬಾನೆಟಿನ ಒಳಗಿಂದ ವಯರ್ ತರುದು ಎಲ್ಲಿ? ನಮ್ಮಲ್ಲಿ ಇಲಿ ಕಾಟ ಬೇರೆ.

ಹೊಸ ತೂತು ಕೊರೆಯಬೇಡಿ. ಇಂಜಿನ್ ಗೋಡೆಯಲ್ಲಿ ಕಂಪೆನಿ ವಯರುಗಳು ಹಾದುಬರುವ ದೊಡ್ಡ ರಬ್ಬರ್ ಬಳೆ ಇರುತ್ತದೆ, ಅದರ ಅಂಚಿನಲ್ಲಿ ಸಣ್ಣದಾಗಿ ಸೀಳಿ ದಾಟಿಸಿ, ಆಮೇಲೆ ಸಿಲಿಕೋನ್ ಹಚ್ಚಿ ಮುಚ್ಚಿ. ಮುಚ್ಚದಿದ್ದರೆ ಆಟಿ ತಿಂಗಳ ಮಳೆಯಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾದಾಗ ಗೊತ್ತಾಗುತ್ತದೆ. ಒಳಕ್ಕೆ ಬರುವ ಮೊದಲು ವಯರು ಸ್ವಲ್ಪ ಕೆಳಗೆ ಜೋತು ಮೇಲಕ್ಕೆ ಬರುವಂತಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅಡಿಕೆ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುವವರು ಗಟ್ಟಿ ಪ್ಲಾಸ್ಟಿಕ್ ಸುರುಳಿ ಕೊಳವೆಯೊಳಗೆ ವಯರ್ ಹಾಕಿ, ಕಂಪೆನಿಯ ಕಟ್ಟಿಗೇ ಸೇರಿಸಿ ಬಿಗಿದು ಕಟ್ಟಿ. ಇಲಿ ಮೊದಲು ಕಡಿಯುವುದು ಜೋತಾಡುವ ವಯರನ್ನು.

ಮೀಟರನ್ನು ಎಲ್ಲಿ ಇಟ್ಟರೆ ಚಂದ?

ಚಂದ ಆಮೇಲೆ. ಎಡಗಡೆ ಸೀಟಿನ ಎದುರು ಡ್ಯಾಶ್‌ಬೋರ್ಡಿನ ಮೇಲೆ ಬೇಡ, ಅಲ್ಲಿ ಏರ್‌ಬ್ಯಾಗ್ ತೆರೆಯುತ್ತದೆ. ಬದಿಯ ಪರದೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಗಾಜಿನ ಪಕ್ಕದ ಕಂಬಕ್ಕೂ ಬೇಡ. ಸ್ಟೇರಿಂಗಿನ ಬಲಕ್ಕೆ ಎಸಿ ಗಾಳಿಗಂಡಿಯ ಹತ್ತಿರ ಅಥವಾ ಸ್ಟೀರಿಯೋ ಮೇಲೆ ಒಳ್ಳೆಯದು. ಬರೀ ಅಂಟು ಟೇಪಿನಲ್ಲಿ ನಿಲ್ಲಿಸಿದ್ದು ಏಪ್ರಿಲ್ ಬಿಸಿಲಿಗೆ ಕಳಚಿ ಪೆಡಲಿನ ಅಡಿಗೆ ಬಿದ್ದರೆ ಕಷ್ಟ, ಸ್ಕ್ರೂ ಹಾಕಿ.

ಹೆಡ್‌ಲೈಟ್ ಹಾಕಿದ ಕೂಡಲೇ ಅಂಕಿ ಮೇಲೆ ಹಾರ್ತದೆ. ಇದೆಂತ ಮಾಯೆ?

ಅರ್ತಿನ ಮಾಯೆ. ಒಂದೇ ವಯರಿನ ಸೆನ್ಸರು ಇಂಜಿನ್ನಿನ ಮೈಯಿಂದ ಅರ್ತ್ ತೆಗೆದುಕೊಳ್ಳುತ್ತದೆ, ಮೀಟರ್ ಆದರೆ ಕಾರಿನ ಬಾಡಿಯಿಂದ. ಮೀಟರಿನ ಅರ್ತ್ ಹೆಡ್‌ಲೈಟಿನ ಅರ್ತ್ ಜೊತೆ ಒಂದೇ ಬೋಲ್ಟಿನಲ್ಲಿದ್ದು ಅಲ್ಲಿ ತುಕ್ಕು ಹಿಡಿದಿದ್ದರೆ, ಲೈಟು ಹಾಕಿದಾಗ ಮೀಟರಿನ ಅರ್ತ್ ಸ್ವಲ್ಪ ಮೇಲೇರುತ್ತದೆ. ಸೆನ್ಸರಿನ ವೋಲ್ಟೇಜ್ ಕಡಿಮೆ ಕಂಡು, ಮೀಟರ್ ಅದನ್ನು ಹೆಚ್ಚಿನ ಬಿಸಿ ಎಂದು ಓದುತ್ತದೆ. ಅರ್ತ್ ಜಾಗವನ್ನು ಉಜ್ಜಿ ಚೊಕ್ಕ ಮಾಡಿ, ಮೀಟರಿಗೆ ಬೇರೆಯೇ ಅರ್ತ್ ಕೊಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಈ ದೂರು ಜಾಸ್ತಿ.

ಹೋಸಿನ ಅಡಾಪ್ಟರ್ ಆದರೆ ಇನ್ನೊಂದು ತೊಡಕು. ಎರಡೂ ಕಡೆ ರಬ್ಬರ್ ಇರುವುದರಿಂದ ಅದಕ್ಕೆ ಅರ್ತೇ ಇರುವುದಿಲ್ಲ. ಅಡಾಪ್ಟರಿನ ಸಣ್ಣ ಸ್ಕ್ರೂವಿನಿಂದ ಇಂಜಿನ್ನಿಗೆ ವಯರ್ ಎಳೆಯಬೇಕು. ಸೆನ್ಸರಿನ ತ್ರೆಡ್ಡಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೂ ಅರ್ತ್ ಕೆಡುತ್ತದೆ. ಎರಡು ವಯರಿನ ಸೆನ್ಸರ್ ಕೊಂಡವರಿಗೆ ಈ ಯಾವ ತಲೆನೋವೂ ಇಲ್ಲ.

## ಅಂಕಿ ಓದುವುದು

ಮೀಟರ್ ಸರಿ ತೋರಿಸ್ತಾ ಉಂಟೂಂತ ಗೊತ್ತಾಗುದು ಹೇಗೆ?

ಕೂರಿಸುವ ಮೊದಲೇ ಮೀಟರನ್ನು ಬ್ಯಾಟರಿಗೆ ಜೋಡಿಸಿ, ಸೆನ್ಸರಿನ ತುದಿಯನ್ನು ಕುದಿಯುವ ನೀರಿಗೆ ಇಳಿಸಿ. ಪಾತ್ರೆಯ ತಳಕ್ಕೆ ತಾಗಬಾರದು. ಒಂದೇ ವಯರಿನದ್ದಾದರೆ ಅದರ ಮೈಗೆ ಅರ್ತ್ ಕೊಡಬೇಕು. ಕಾಸರಗೋಡು, ಕುಂಬಳೆ, ಉಪ್ಪಳ ಎಲ್ಲ ಕಡಲ ಮಟ್ಟದಲ್ಲೇ ಇರುವುದರಿಂದ 100ಕ್ಕೆ ಒಂದೆರಡು ಡಿಗ್ರಿ ಆಚೀಚೆ ಬರಬೇಕು. ಇದೇ ಪರೀಕ್ಷೆಯನ್ನು ಮಡಿಕೇರಿಯ ನೆಂಟರ ಮನೆಯಲ್ಲಿ ಮಾಡಿದರೆ ಸುಮಾರು 96 ತೋರಿಸುತ್ತದೆ. ಅಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.

ಹೈವೇಯಲ್ಲಿ ಅಂಕಿ 70 ದಾಟುದೇ ಇಲ್ಲ. ಒಳ್ಳೆದೇ ಅಲ್ವಾ?

ಒಳ್ಳೆಯದಲ್ಲ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ. ಇಂಜಿನ್ ತಣ್ಣಗೇ ಇದೆ ಎಂದುಕೊಂಡು ಇಸಿಯು ಇಂಧನ ಜಾಸ್ತಿ ಸುರಿಯುತ್ತದೆ, ಆಯಿಲಿನೊಳಗಿನ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ. ಕಂಪೆನಿಯ ಮುಳ್ಳಿನಲ್ಲಿ ಇದು ಗೊತ್ತಾಗುವುದು ಬಹಳ ತಡ.

ಸೆಕೆಯ ಊರು, ಥರ್ಮೋಸ್ಟಾಟ್ ತೆಗೆದು ಬಿಸಾಡಿ ಅಂತ ವರ್ಕ್‌ಶಾಪಿನವರು ಹೇಳ್ತಾರೆ. ತೆಗೆಯುದಾ?

ಈ ಸಲಹೆ ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಎಲ್ಲ ಕಡೆ ಸಿಗುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ ತುಳುವಿನಲ್ಲೂ. ಒಪ್ಪಬೇಡಿ. ಥರ್ಮೋಸ್ಟಾಟ್ ಇಂಜಿನ್ನಿಗೆ ಬೇಕಾದ ಬಿಸಿಯನ್ನು ಕಾಯ್ದುಕೊಡುವ ಸಾಮಾನು. ಊರಿನ ಸೆಕೆ ಎಷ್ಟೇ ಆದರೂ 38, 40. ಇಂಜಿನ್ನಿಗೆ ಬೇಕಾದ್ದು 85ಕ್ಕೆ ಮೇಲೆ.

ಕೆಲವು ಇಂಜಿನ್ನುಗಳಲ್ಲಿ ತೆಗೆದರೆ ತಣ್ಣಗಾಗುವ ಬದಲು ಬಿಸಿ ಏರುತ್ತದೆ. ಅವುಗಳ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ತೆರೆಯುವಾಗಲೇ, ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ಮರಳುವ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಬಿಸಾಡಿದಿರೋ, ಅಡ್ಡದಾರಿ ಸದಾ ತೆರೆದೇ ಇರುತ್ತದೆ, ನೀರಿನ ಒಂದು ಪಾಲು ತಣಿಯದೆ ಸುತ್ತುತ್ತದೆ. ಘಾಟಿಯಲ್ಲಿ ಅದರ ಫಲ ಕಾಣುತ್ತದೆ. ಕೆಟ್ಟಿದ್ದರೆ ಅದೇ ಡಿಗ್ರಿಯ ಹೊಸತು ಹಾಕಿಸಿ.

ರೋಡ್ ಬ್ಲಾಕಿನಲ್ಲಿ ನಿಂತರೆ ಏರ್ತದೆ, ಓಡಿದರೆ ಇಳೀತದೆ. ಇನ್ನೊಬ್ಬರದ್ದು ಉಲ್ಟಾ. ಎಂತ ಕಾರಣ?

ನಿಂತಾಗ ಏರಿ ಓಡುವಾಗ ಇಳಿದರೆ ಗಾಳಿಯ ತೊಂದರೆ. ಫ್ಯಾನ್ ಮೋಟಾರು, ಅದರ ರಿಲೇ, ಫ್ಯೂಸ್ ನೋಡಿ. ಇಂಜಿನ್ ಉದ್ದಕ್ಕೆ ಕೂತಿರುವ ಜೀಪಿನಂಥ ಗಾಡಿಗಳಲ್ಲಿ ಫ್ಯಾನನ್ನು ಇಂಜಿನ್ನಿಗೆ ಜೋಡಿಸುವ ವಿಸ್ಕಸ್ ಕ್ಲಚ್ ಸೋತಿರಬಹುದು. ಎಸಿ ಹಾಕಿದಾಗ ಫ್ಯಾನ್ ತಿರುಗಿ, ಎಸಿ ಇಲ್ಲದೆ 100 ದಾಟಿದರೂ ತಿರುಗದಿದ್ದರೆ ಮೋಟಾರು ಸರಿ ಇದೆ, ತಿರುಗು ಎಂದು ಹೇಳುವವರು ಹೇಳುತ್ತಿಲ್ಲ. ಸೆನ್ಸರ್, ಅದರ ವಯರು ನೋಡಿ.

ನಿಂತಾಗ ಸರಿಯಿದ್ದು ವೇಗದಲ್ಲಿ, ಚಡಾವಿನಲ್ಲಿ ಏರಿದರೆ ನೀರಿನ ಹರಿವು ಸಾಲದು. ರೇಡಿಯೇಟರ್ ಕಟ್ಟಿದೆ, ಪಂಪಿನ ರೆಕ್ಕೆ ಸವೆದಿದೆ, ಇಲ್ಲವೇ ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿದೆ. ಹೈವೇ ಅಗಲ ಮಾಡುವ ಕೆಲಸದ ಕೆಂಪು ಧೂಳಿನಲ್ಲಿ ದಿನಾ ಓಡಾಡಿದ ಕಾರುಗಳಲ್ಲಿ ರೇಡಿಯೇಟರಿನ ಹೊರಮೈಯೇ ಮಣ್ಣು ಮೆತ್ತಿ ಗೋಡೆಯಾಗಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ಗನ್ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿ ಇದ್ದ ಗಾಳಿಯೂ ಬಂದ್.

ಅಲಾರಂ ಎಷ್ಟಕ್ಕೆ ಇಡುದು?

ಮೊದಲ ಒಂದೆರಡು ವಾರ ಅಲಾರಂ ಗೊಡವೆ ಬೇಡ. ನಿಮ್ಮ ಕಾರು ಹೈವೇಯಲ್ಲಿ, ಬ್ಲಾಕಿನಲ್ಲಿ, ಘಾಟಿಯಲ್ಲಿ ಎಷ್ಟಕ್ಕೆ ಹೋಗುತ್ತದೆ ನೋಡಿಡಿ. ಅತಿ ಹೆಚ್ಚು ಕಂಡ ಅಂಕಿಗಿಂತ ಐದಾರು ಡಿಗ್ರಿ ಮೇಲೆ ಇಡಿ. ಹೆಚ್ಚಿನವರಿಗೆ ಅದು 105ರ ಹತ್ತಿರ ಬರುತ್ತದೆ. ಪಕ್ಕದ ಮನೆಯವರ ಅಂಕಿ ನಿಮಗೆ ಉಪಯೋಗವಿಲ್ಲ.

ಘಾಟಿಯಲ್ಲಿ ಅಲಾರಂ ಹೊಡೆದರೆ ಎಂತ ಮಾಡುದು?

ಎಸಿ ಬಂದ್ ಮಾಡಿ. ಕಿಟಕಿ ಇಳಿಸಿ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ. ಬೆವರಿಳಿಯುತ್ತದೆ, ಆದರೆ ಹೀಟರಿನ ಒಳಗೂ ಒಂದು ಸಣ್ಣ ರೇಡಿಯೇಟರ್ ಇದೆ, ಅದು ಇಂಜಿನ್ನಿನ ಬಿಸಿಯನ್ನೇ ನಿಮ್ಮ ಮೇಲೆ ಊದುತ್ತದೆ. ವಾಹನ ಬದಿಗೆ ನಿಲ್ಲಿಸುವ ಜಾಗ ಸಿಕ್ಕಾಗ ನಿಲ್ಲಿಸಿ. ಆವಿ ಇಲ್ಲದಿದ್ದರೆ ಇಂಜಿನ್ ಐಡಲಿನಲ್ಲಿ ಬಿಟ್ಟು ಅಂಕಿ ಇಳಿಯುತ್ತದಾ ನೋಡಿ. ಇಳಿಯದೆ ಏರುತ್ತಲೇ ಇದ್ದರೆ, ಅಥವಾ ಆವಿ ಕಂಡರೆ, ಕೂಡಲೇ ಆಫ್ ಮಾಡಿ. ಮುಚ್ಚಳ ಅರ್ಧ ಗಂಟೆಯಾದರೂ ಮುಟ್ಟಬೇಡಿ. ಬಿಸಿ ಇಂಜಿನ್ನಿಗೆ ಹೊಳೆಯ ತಣ್ಣೀರು ಸುರಿದು ಹೆಡ್ ಸೀಳಿಸಿಕೊಂಡವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ.

ಚೆನ್ನಾಗಿ ಓಡಿ ಬಂದು ನಿಲ್ಲಿಸಿ, ಇಂಜಿನ್ ಆಫ್ ಮಾಡಿದ ಮೇಲೆ ಅಂಕಿ ಕೆಲವು ಡಿಗ್ರಿ ಏರಿದರೆ ಹೆದರಬೇಕಾಗಿಲ್ಲ. ಪಂಪ್ ನಿಂತಿತು, ಲೋಹದ ಬಿಸಿ ನೀರಿಗೆ ಇಳಿಯಿತು, ಅಷ್ಟೆ.

## ಇನ್ನೂ ಸ್ವಲ್ಪ ಆಳಕ್ಕೆ

ಕೂಲೆಂಟ್ ಪೂರ್ತಿ ಸೋರಿ ಹೋದರೆ ಮೀಟರ್ ತೋರಿಸ್ತದಾ?

ಇದನ್ನು ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕಾದ್ದು. ಹೋಸ್ ಒಡೆದು ನೀರು ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಲ್ಲುತ್ತದೆ. ಇಂಜಿನ್ ಬೇಯುತ್ತಿರುವಾಗಲೇ ಮೀಟರಿನ ಅಂಕಿ ಇಳಿಯುವುದೂ ಉಂಟು. ಚಡಾವಿನಲ್ಲಿ ಇದ್ದಕ್ಕಿದ್ದಂತೆ 95ರಿಂದ 70ಕ್ಕೆ ಬಿದ್ದರೆ ಸಂತೋಷಪಡಬೇಡಿ, ನಿಲ್ಲಿಸಿ.

ಇದಕ್ಕೆ ಉಪಾಯ ಎರಡು. ಕೂಲೆಂಟ್ ಡಬ್ಬಕ್ಕೋ ಹೋಸಿಗೋ ಮಟ್ಟ ನೋಡುವ ಬೇರೆ ಅಲಾರಂ ಹಾಕುವುದು ಒಂದು. ಹೆಡ್ಡಿನ ಹತ್ತಿರದ ಯಾವುದಾದರೂ ಸಣ್ಣ ಬೋಲ್ಟಿನ ಕೆಳಗೆ ಬಳೆಯಂಥ ಸೆನ್ಸರ್ ಕೂರಿಸಿ ಲೋಹದ ಬಿಸಿಯನ್ನೇ ನೋಡುವುದು ಇನ್ನೊಂದು. ನೀರಿದ್ದರೂ ಇಲ್ಲದಿದ್ದರೂ ಲೋಹ ಸುಳ್ಳು ಹೇಳುವುದಿಲ್ಲ. ಹೆಡ್ಡನ್ನೇ ಹಿಡಿದಿರುವ ದೊಡ್ಡ ಬೋಲ್ಟುಗಳನ್ನು ಮಾತ್ರ ಮುಟ್ಟಬೇಡಿ, ಅವುಗಳ ಬಿಗಿ ಲೆಕ್ಕದ್ದು. ಘಾಟಿಯ ಜೀಪಿನವರಿಗೆ ನಾನು ಹೇಳುವುದು ಈ ಬಳೆ ಸೆನ್ಸರನ್ನೇ.

ಓಬಿಡಿಯಲ್ಲಿ 94, ಹೋಸಿನ ಮೀಟರಿನಲ್ಲಿ 89. ಯಾವುದು ಸುಳ್ಳು?

ಎರಡೂ ನಿಜ. ಕಂಪೆನಿಯ ಸೆನ್ಸರ್ ಹೆಡ್ಡಿನ ಹತ್ತಿರ, ನಿಮ್ಮದು ಒಂದು ಗೇಣು ದೂರದಲ್ಲಿ. ಓಬಿಡಿ ಒಂದೊಂದು ಡಿಗ್ರಿಯ ಹೆಜ್ಜೆಯಲ್ಲೇ ಲೆಕ್ಕ ಕೊಡುತ್ತದೆ. ನಾಲ್ಕೈದು ಡಿಗ್ರಿಯ ಅಂತರ ಸದಾ ಒಂದೇ ರೀತಿ ಇದ್ದರೆ ಬಿಟ್ಟುಬಿಡಿ. ಅಂತರ ದಿನೇ ದಿನೇ ಹೆಚ್ಚುತ್ತಿದ್ದರೆ ಹರಿವೋ ಅರ್ತೋ ನೋಡಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಗಟ್ಟಿಯಾಗ್ತದೆ, ಅಂಕಿ ಇನ್ನೂ 40. ಎಂತ ಇರಬಹುದು?

ನೀರು ಬಿಸಿಯಾಗುವ ಮೊದಲೇ ಒತ್ತಡ ಏರಿದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಅಡಿಯ ತೆಳು ಸೀಲ್, ಸೋತಿರುವ ಸಂಶಯ. ಉರಿಯುವ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ಡಬ್ಬದಲ್ಲಿ ನಿಲ್ಲದ ಗುಳ್ಳೆ, ಕಾರಣವಿಲ್ಲದೆ ಇಳಿಯುವ ಕೂಲೆಂಟ್, ಮೀಟರಿನಲ್ಲಿ ಅಂಕಿ ಮೇಲೆ ಕೆಳಗೆ ಹಾರಾಡುವುದು ಜೊತೆಗಿದ್ದರೆ ಸಂಶಯ ಗಟ್ಟಿ. ಬಣ್ಣ ಬದಲಾಗುವ ದ್ರವದಿಂದ ಗ್ಯಾಸ್ ಪರೀಕ್ಷೆ ಮಾಡುವ ವರ್ಕ್‌ಶಾಪಿಗೆ ಹೋಗಿ. ಪರೀಕ್ಷೆ ಮಾಡದೆ ಹೆಡ್ ಇಳಿಸೋಣ ಎನ್ನುವ ಕಡೆ ಬೇಡ.

ಮೇಲಿನ ಹೋಸಿಗೂ ಕೆಳಗಿನ ಹೋಸಿಗೂ ಎರಡು ಸೆನ್ಸರ್ ಹಾಕಿದರೆ ಲಾಭ ಉಂಟಾ?

ಕುತೂಹಲ ಇರುವವರಿಗೆ ಉಂಟು. ಎರಡರ ವ್ಯತ್ಯಾಸ ರೇಡಿಯೇಟರ್ ಎಷ್ಟು ಬಿಸಿಯನ್ನು ಕಳೆಯುತ್ತಿದೆ ಎಂದು ತೋರಿಸುತ್ತದೆ. ಭಾರ ಹೊತ್ತು ಹತ್ತುವಾಗ ಮೇಲಿನದು ಏರುತ್ತಾ ಹೋಗಿ ವ್ಯತ್ಯಾಸ ಕಡಿಮೆಯೇ ಇದ್ದರೆ ರೇಡಿಯೇಟರ್ ಬಿಸಿ ಬಿಡುತ್ತಿಲ್ಲ, ಗಾಳಿ ಅಥವಾ ಮಣ್ಣಿನ ಕಡೆ ನೋಡಿ. ಮೇಲೆ ಬಹಳ ಬಿಸಿ, ಕೆಳಗೆ ತೀರಾ ತಣ್ಣಗೆ ಎಂದಾದರೆ ನೀರು ನಿಧಾನ ಹರಿಯುತ್ತಿದೆ, ಪಂಪ್ ಅಥವಾ ಥರ್ಮೋಸ್ಟಾಟ್ ನೋಡಿ. ಕಾರು ಚೆನ್ನಾಗಿರುವಾಗಲೇ ಎರಡೂ ಅಂಕಿಗಳನ್ನು ಒಂದು ಡೈರಿಯಲ್ಲಿ ಬರೆದಿಟ್ಟರೆ ಮಾತ್ರ ಇದರಿಂದ ಉಪಯೋಗ, ಹಾಳಾದ ಮೇಲೆ ಹೋಲಿಸಲು ಏನೂ ಸಿಗುವುದಿಲ್ಲ.